ದುಡ್ಡು ಯಾರದು ಎಂದು ಜೀಪಿನವರು ಕೇಳಿದ ದಿನ

ನಮ್ಮ ಕಡೆ ಕೊಟ್ಟವರ ಹೆಸರಿಲ್ಲದೆ ಒಂದು ಟ್ಯೂಬ್‌ಲೈಟೂ ಉರಿಯುವುದಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಬೆನ್ನಿಗೆ ಹೆಸರು, ಸಮುದಾಯ ಭವನದ ಫ್ಯಾನಿನ ಮೂರು ರೆಕ್ಕೆಗೂ ಹೆಸರು, ಶಾಲೆಯ ನೀರಿನ ಟ್ಯಾಂಕಿನ ಮೇಲೆ ತೀರಿಕೊಂಡ ತಂದೆತಾಯಿಯರ ಜ್ಞಾಪಕಾರ್ಥ. ಹಾಗಾಗಿ ಹಾನುಬಾಳಿನಿಂದ ಒಳಗೆ, ಮೂರು ಸಣ್ಣ ಕಾಫಿ ಎಸ್ಟೇಟುಗಳ ನಡುವೆ ನಮ್ಮ ಟ್ರಸ್ಟು ಮಕ್ಕಳ ಮನೆ ಶುರು ಮಾಡಿದಾಗ, ನೀಲಿ ಬೋರ್ಡಿನ ಕೊನೆಗೆ ಒಂದು ಸಾಲು ಬರೆಸಿದ್ದು ತಪ್ಪೆಂದು ನನಗೆ ಹೊಳೆಯಲೇ ಇಲ್ಲ. ಸಾಲು ಇಷ್ಟೇ: ‘ಅಮೆರಿಕದ ಯಹೂದಿ ಸಹೋದರಿಯರ ಕೊಡುಗೆ.’

ಕೊಟ್ಟವರು ಹೆಸರು ಬೇಡವೆಂದೇ ಹೇಳಿದ್ದರು. ದಾನಿಯ ಗುರುತನ್ನು ಎಲ್ಲೂ ಪ್ರದರ್ಶಿಸಬಾರದು ಎಂಬ ಷರತ್ತು ಕಾಗದದಲ್ಲಿ ಸ್ಪಷ್ಟವಾಗಿತ್ತು. ನಾನು ಅದನ್ನು ಓದಿ ಟ್ರಸ್ಟಿನ ಅಧ್ಯಕ್ಷರಿಗೆ ಕನ್ನಡದಲ್ಲಿ ವಿವರಿಸಿಯೂ ಇದ್ದೆ. ಅಧ್ಯಕ್ಷರು ಆಲೂರಿನಲ್ಲಿ ಬಹಳ ವರ್ಷ ಮೆಣಸಿನ ವ್ಯಾಪಾರ ಮಾಡಿದವರು, ಉಂಡ ಮನೆಯನ್ನು ಹಾಡಿ ಹೊಗಳದೆ ಏಳುವುದು ಅವರಿಗೆ ಗೊತ್ತಿಲ್ಲ. “ಹೆಸರು ಬ್ಯಾಡ ಅಂದವ್ರೆ, ಹಾಕಾದು ಬ್ಯಾಡ. ಯಾವ ಜನ ಅಂತಾದ್ರೂ ಹಾಕಾನ ಕಣಮ್ಮ. ನಮ್ಮ ಮಠದಲ್ಲೂ ಹೆಸರು ಹೇಳಲಿಚ್ಛಿಸದ ಭಕ್ತರು ಅಂತ ಬರೆಸಲ್ವಾ?” ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಪೇಂಟರಿಗೆ ಆ ಸಾಲನ್ನು ಬರೆದುಕೊಟ್ಟವಳು ನಾನೇ.

ಮಕ್ಕಳ ಮನೆ ಏಕೆ ಬೇಕಿತ್ತು ಎನ್ನುವುದನ್ನು ಹೇಳಬೇಕು. ಹಣ್ಣು ಕುಯ್ಯುವ ಕಾಲ ಬಂತೆಂದರೆ ತೋಟದ ಕೂಲಿಕಾರರ ಲೈನ್‌ಮನೆಗಳ ಹೆಂಗಸರು ಬೆಳಿಗ್ಗೆ ಎಂಟಕ್ಕೆ ತೋಟದಲ್ಲಿರಬೇಕು. ಶಾಲೆಯ ವಯಸ್ಸಾಗದ ಮಕ್ಕಳನ್ನು ಬಿಡಲು ಜಾಗವಿಲ್ಲ, ಅವೂ ತಾಯಿಯ ಜೊತೆಗೆ ತೋಟಕ್ಕೇ ಬರುತ್ತವೆ. ಸಿಲ್ವರ್ ಮರದ ಬುಡದಲ್ಲಿ ಗೋಣಿಚೀಲ ಹಾಸಿ ಕೂರಿಸುತ್ತಾರೆ. ನಡೆಯಲು ಕಲಿತ ಮಗುವಾದರೆ ಹಳೆಯ ಸೀರೆಯ ತುಂಡಿನಿಂದ ಸೊಂಟಕ್ಕೊಂದು ಗಂಟು, ಮರಕ್ಕೊಂದು ಗಂಟು. ತಾಯಂದಿರ ಮಟ್ಟಿಗೆ ಅದು ಎಚ್ಚರಿಕೆ. ಆದರೆ ತೋಟದೊಳಗೇ ಆನೆಗಳು ಬೀಡುಬಿಟ್ಟಿರುವ ನಮ್ಮ ಸೀಮೆಯಲ್ಲಿ ಆ ಗಂಟನ್ನು ಕಂಡಾಗೆಲ್ಲ ಓಡಬೇಕಾಗಿ ಬಂದರೆ ಇದನ್ನು ಬಿಚ್ಚುವವರು ಯಾರು ಎಂದು ಲೆಕ್ಕ ಹಾಕುತ್ತಿದ್ದೆ. ಆ ಗಂಟು ಬಿಚ್ಚಿಸಬೇಕು ಎನ್ನುವುದೇ ಇಡೀ ಯೋಜನೆ. ಉಳಿದದ್ದೆಲ್ಲ ಕಾಗದ.

ಕಾಗದ ಮಾತ್ರ ಬೇಕಾದಷ್ಟಿತ್ತು. ದಾನಿ ಅಮೆರಿಕದ ಒಬ್ಬ ನಿವೃತ್ತ ನರ್ಸ್, ಅರವತ್ತು ದಾಟಿದ ಯಹೂದಿ ಹೆಂಗಸು. ತಮ್ಮ ಪ್ರಾರ್ಥನಾ ಮಂದಿರದ ಏಳೆಂಟು ಗೆಳತಿಯರ ಜೊತೆ ಸೇರಿ ದುಡ್ಡು ಒಟ್ಟು ಮಾಡಿ, ಕೂಲಿಕಾರರ ಸಂಘಗಳಿಗೆ, ವಲಸೆ ಬಂದವರಿಗೆ, ಯುದ್ಧ ನಿಲ್ಲಿಸಿ ಎಂದು ಬೀದಿಗಿಳಿದವರಿಗೆ ಕೊಡುತ್ತ ಬಂದವರು. ಆದರೆ ಕೈಯಿಂದ ಕೈಗೆ ಕೊಡುವುದಿಲ್ಲ. ಅಲ್ಲಿ ದಾನಿ ಸಲಹೆಯ ನಿಧಿ ಎಂಬ ಏರ್ಪಾಡಿದೆ. ದುಡ್ಡನ್ನು ಒಂದು ದೊಡ್ಡ ಧರ್ಮಾರ್ಥ ಸಂಸ್ಥೆಯ ಬಳಿ ಇಡಬೇಕು, ಇಟ್ಟ ಗಳಿಗೆಯಿಂದ ಅದು ಆ ಸಂಸ್ಥೆಯದು. ಇಟ್ಟವರು ಇಂಥವರಿಗೆ ಕೊಡಿ ಎಂದು ಸಲಹೆ ಕೊಡಬಹುದು, ಅಷ್ಟೇ. ಮಠದ ದಾಸೋಹಕ್ಕೆ ಅಕ್ಕಿ ಒಪ್ಪಿಸಿದ ಹಾಗೆ: ಯಾರಿಗೆ ಬಡಿಸಿದರೆ ಸಂತೋಷ ಎಂದು ಹೇಳಬಹುದು, ಚೀಲ ವಾಪಸ್ ಕೇಳುವಂತಿಲ್ಲ.

ಆ ಸಂಸ್ಥೆಯ ಕಚೇರಿಗೆ ನಾವು ಯಾರೆಂದು ತಿಳಿಯಪಡಿಸಲು ನನಗೆ ಒಂದು ಮಳೆಗಾಲ ಹಿಡಿಯಿತು. ಟ್ರಸ್ಟ್ ಡೀಡನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಸಹಿ, ಟ್ರಸ್ಟಿಗಳು ಒಬ್ಬರಿಗೊಬ್ಬರು ಏನಾಗಬೇಕು ಎಂಬ ಪಟ್ಟಿ, ದುಡ್ಡು ಚುನಾವಣೆಗೂ ಮತಪ್ರಚಾರಕ್ಕೂ ಹೋಗದೆಂಬ ಪ್ರಮಾಣಪತ್ರ. ಈ ಕಡೆ ನಮ್ಮ ಸರ್ಕಾರದ ವಿದೇಶಿ ದೇಣಿಗೆ ಕಾಯಿದೆ. ದುಡ್ಡು ದೆಹಲಿಯ ಖಾತೆಗೇ ಇಳಿಯಬೇಕು, ಕೊಟ್ಟವರು ಯಾರೆಂದು ಆನ್‌ಲೈನಿನಲ್ಲಿ ತೋರಿಸಬೇಕು. ಅಲ್ಲಿ ನಾನು ಬರೆದದ್ದು ಆ ಸಂಸ್ಥೆಯ ಹೆಸರು. ಕಾನೂನಿನ ಕಣ್ಣಿಗೆ ಕೊಟ್ಟದ್ದು ಅದೇ. ನರ್ಸಮ್ಮ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಆಗ ನನಗದು ಅನುಕೂಲವೆಂದೇ ಕಂಡಿತ್ತು.

ಒಬ್ಬ ಕಾಫಿ ಬೆಳೆಗಾರರು ತಮ್ಮ ಹಳೆಯ ಸ್ಟೋರ್ ಬಿಟ್ಟುಕೊಟ್ಟರು. ನೆಲಕ್ಕೆ ಸಿಮೆಂಟು, ಗೋಡೆಗೆ ಬಣ್ಣ, ಒಬ್ಬ ಟೀಚರು, ಒಬ್ಬ ಆಯಾ. ಮಕ್ಕಳನ್ನು ಮೂರು ಲೈನ್‌ಗಳಿಂದ ಕರೆತಂದು ಸಂಜೆ ಬಿಡಲು ಹಾನುಬಾಳಿನ ಒಬ್ಬ ಮುಸ್ಲಿಂ ಹಿರಿಯರ ಜೀಪು. ಐವತ್ತೈದರ ಆಸುಪಾಸಿನ ಮನುಷ್ಯ, ಮಾತು ಕಡಿಮೆ, ಆ ಕೆಸರಿನ ಏರಿನಲ್ಲಿ ಅವರಂತೆ ಗಾಡಿ ಹತ್ತಿಸುವವರು ಬೇರೆ ಇಲ್ಲ. ಇಪ್ಪತ್ತೆರಡು ಮಕ್ಕಳ ಹೆಸರೂ ಅವರಿಗೆ ಎರಡೇ ದಿನದಲ್ಲಿ ಬಾಯಿಪಾಠ. ಅಳುವ ಮಗುವನ್ನು ಮುಂದೆ ಗೇರಿನ ಪಕ್ಕ ಕೂರಿಸಿಕೊಳ್ಳುತ್ತಿದ್ದರು. ಮೊದಲ ವಾರವೆಲ್ಲ ಆ ಜಾಗ ಮೂರು ವರ್ಷದ ಒಂದು ಹುಡುಗಿಯದಾಗಿತ್ತು. ಅವಳ ತಾಯಿ ಕುಯ್ಲಿನಲ್ಲಿ ಎಲ್ಲರಿಗಿಂತ ಮುಂದು, ಮಾತಿನಲ್ಲೂ ಮುಂದು.

ಉದ್ಘಾಟನೆಯ ದಿನ ಯಾರೋ ಬೋರ್ಡಿನ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರು. ಮೂರನೆಯ ದಿನಕ್ಕೆ ಅಂಗಡಿ ಮುಂಗಟ್ಟುಗಳಲ್ಲಿ ಮಾತು ಶುರುವಾಗಿತ್ತು. ಒಂದು ಗುಂಪು ಇದು ಮತಾಂತರದ ದುಡ್ಡು ಎಂದಿತು. ಅವರಲ್ಲಿ ನಾಲ್ಕು ಜನ ಬೈಕಿನಲ್ಲಿ ಬಂದು, ಮಕ್ಕಳು ಉಪ್ಪಿಟ್ಟು ತಿನ್ನುವುದನ್ನು ನೋಡಿ, ತಾವೂ ಒಂದೊಂದು ತಟ್ಟೆ ತಿಂದು ಹೋದರು. ಇನ್ನೊಂದು ಮಾತು ಅಷ್ಟು ಸುಲಭದ್ದಾಗಿರಲಿಲ್ಲ. ಗಾಜಾದ ಮಕ್ಕಳ ಚಿತ್ರಗಳು ದಿನವೂ ಎಲ್ಲರ ಫೋನಿಗೆ ಬರುತ್ತಿದ್ದ ಕಾಲ ಅದು. ಆ ಬಾಂಬು ಹಾಕುವವರ ದುಡ್ಡಿನಲ್ಲಿ ಇಲ್ಲಿ ಮಕ್ಕಳಿಗೆ ಉಪ್ಪಿಟ್ಟು ಹಾಕುತ್ತಿದ್ದಾರಂತೆ, ಜೀಪು ನಮ್ಮವರದೇ ಅಂತೆ ಎಂದು ಮಸೀದಿಯ ಕಡೆಯ ಜನ ಆಡಿಕೊಂಡರು.

ಅಧ್ಯಕ್ಷರಿಗೆ ಗಾಬರಿಯಾಯಿತು. ನನ್ನನ್ನು ಕೇಳದೆ ಪೇಂಟರನ್ನು ಕಳಿಸಿ ಆ ಸಾಲಿನ ಮೇಲೆ ಬಿಳಿ ಬಣ್ಣ ಬಳಿಸಿದರು. ನೀಲಿ ಬೋರ್ಡಿನಲ್ಲಿ ಆ ಬಿಳಿ ಪಟ್ಟಿ ಇನ್ನೂ ಎದ್ದು ಕಾಣತೊಡಗಿತು. ಮೊದಲು ಓದದವರೂ ಈಗ ನಿಂತು, ಅಲ್ಲೇನಿತ್ತು ಎಂದು ಕೇಳತೊಡಗಿದರು. ಸಿಟ್ಟು ಬಂತು ನನಗೆ, ಅವರ ಮೇಲೂ ನನ್ನ ಮೇಲೂ. ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನಾದೆ.

ಆ ಸಂಜೆ ಮಕ್ಕಳನ್ನು ಹತ್ತಿಸಿಕೊಂಡ ಮೇಲೆ ಜೀಪಿನವರು ಗಾಡಿ ಸ್ಟಾರ್ಟ್ ಮಾಡದೆ ಇಳಿದು ಬಂದರು. ಬೋರ್ಡಿನ ಕಡೆ ಒಮ್ಮೆ ನೋಡಿ ಕೇಳಿದರು.

“ಬರೆದಿದ್ದನ್ನ ಅಳಿಸಿದ್ರಲ್ಲ ಮೇಡಂ. ದುಡ್ಡು ಯಾರ್ದು?”

ನನ್ನ ಬಳಿ ಉತ್ತರ ಸಿದ್ಧವಿತ್ತು. ಸರ್ಕಾರದ ಫಾರಮ್ಮಿನಲ್ಲಿ ಅದನ್ನೇ ತುಂಬಿದ್ದೆ. “ಅಮೆರಿಕದ ಒಂದು ಸಂಸ್ಥೆದು ಭಾಯ್. ಯಾರೋ ಒಬ್ಬರದು ಅಂತ ಇಲ್ಲ” ಎಂದೆ. ಅವರು “ಸರಿ” ಎಂದು ಹೋದರು.

ಮಾರನೆಯ ದಿನ ಜೀಪು ಬರಲಿಲ್ಲ. ಫೋನ್ ಮಾಡಿದರೆ ಗಾಡಿ ಕೆಟ್ಟಿದೆ ಎಂದರು. ಅದರ ಮರುದಿನವೂ ಇಲ್ಲ. ಮೂರನೆಯ ದಿನ, ಆ ಜೀಪು ದೋಣಿಗಲ್ ಕಡೆ ಬಾಡಿಗೆಗೆ ಓಡುತ್ತಿದೆ ಎಂದು ಎಸ್ಟೇಟಿನ ರೈಟರು ಹೇಳಿದರು. ತೋಟದ ಹಾಜರಿ, ತೂಕ ನೋಡಿಕೊಳ್ಳುವವರು ಅವರು, ಊರಿನ ಸುದ್ದಿಯೂ ಅವರ ಬಳಿಯೇ ಮೊದಲು ತೂಕವಾಗುತ್ತಿತ್ತು. ಮಸೀದಿಯ ಕಡೆಯವರು ಬೈದಿರಬೇಕು, ಅದಕ್ಕೇ ಬಿಟ್ಟಿದ್ದಾರೆ ಎಂಬುದು ಅವರ ಲೆಕ್ಕಾಚಾರ. ನಾನೂ ಹಾಗೆಂದೇ ನಂಬಿದೆ.

ಬೇರೆ ಗಾಡಿ ಹುಡುಕಿದೆ. ಕುಯ್ಲಿನ ಕಾಲದಲ್ಲಿ ಜೀಪುಗಳನ್ನೆಲ್ಲ ಆಳು ಸಾಗಿಸಲು ಮೊದಲೇ ಗೊತ್ತು ಮಾಡಿರುತ್ತಾರೆ. ಒಬ್ಬ ಪಿಕಪ್ಪಿನವನು ಒಪ್ಪಿ ಬಂದು, ಏರು ನೋಡಿ ಅರ್ಧದಾರಿಯಲ್ಲಿ ತಿರುಗಿಸಿಕೊಂಡು ಹೋದ. ದೂರದ ಲೈನ್‌ನಿಂದ ಮಕ್ಕಳ ಮನೆಗೆ ಮೂರು ಕಿಲೋಮೀಟರ್, ನಡುವೆ ಆನೆ ದಾಟುವ ಹಳ್ಳ. ಮಕ್ಕಳನ್ನು ನಡೆಸಿಕೊಂಡು ಬಾ ಎಂದು ಯಾವ ಬಾಯಲ್ಲಿ ಹೇಳಲಿ? ಹತ್ತಿರದ ಲೈನ್‌ನ ಆರು ಮಕ್ಕಳು ಬಂದರು. ಉಳಿದ ಹದಿನಾರು ಮತ್ತೆ ತೋಟಕ್ಕೆ ಹೋದವು.

ಐದನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಆ ದೂರದ ತೋಟದಲ್ಲಿದ್ದೆ, ತಾಯಂದಿರ ಜೊತೆ ಮಾತಾಡಿ ಏನಾದರೂ ದಾರಿ ಮಾಡೋಣವೆಂದು. ಅರಣ್ಯ ಇಲಾಖೆಯ ಸಂದೇಶ ಎಂಟಕ್ಕೇ ಬಂದಿತ್ತು, ಒಂಟಿ ಸಲಗ ಪಕ್ಕದ ತೋಟದಲ್ಲಿದೆ, ಎಚ್ಚರ. ಅಂಥ ಸಂದೇಶ ದಿನಕ್ಕೆ ಎರಡು ಬರುತ್ತವೆ, ಹಣ್ಣು ಉದುರುವುದು ನಿಲ್ಲುವುದಿಲ್ಲ, ಕೆಲಸವೂ ನಿಲ್ಲುವುದಿಲ್ಲ. ನಾನು ಮಕ್ಕಳಿದ್ದ ಸಿಲ್ವರ್ ಮರದ ಹತ್ತಿರ ಬರುವಷ್ಟರಲ್ಲಿ ಮೇಲಿನ ಸಾಲಿನಿಂದ ರೈಟರ ಸೀಟಿ ಕೇಳಿತು. ಒಂದಲ್ಲ, ಉಸಿರುಗಟ್ಟುವ ಹಾಗೆ ಮೇಲಿಂದ ಮೇಲೆ.

ಹೆಂಗಸರು ಬುಟ್ಟಿ ಬಿಸಾಕಿ ಇಳಿಜಾರಿನಲ್ಲಿ ಓಡಿ ಬಂದರು. ಸಿಕ್ಕ ಮಗುವನ್ನು ಸಿಕ್ಕವರು ಎತ್ತಿಕೊಂಡರು. ಮೂರು ವರ್ಷದ ಆ ಹುಡುಗಿ ಮರಕ್ಕೆ ಕಟ್ಟಿಸಿಕೊಂಡು ನಿಂತಿದ್ದಳು. ಬೆಳಗಿನ ಇಬ್ಬನಿಯಲ್ಲಿ ನೆನೆದು, ಮಗು ಎಳೆದಾಡಿ, ಸೊಂಟದ ಗಂಟು ಬಿಗಿದು ಕಲ್ಲಾಗಿತ್ತು. ನಾನು ಉಗುರು ಹಾಕಿದೆ, ಬರಲಿಲ್ಲ. ತಾಯಿ ಬಂದು ಹಲ್ಲು ಹಾಕಿದಳು, ಬರಲಿಲ್ಲ. ಕೆಳಗೆ ಕಾಫಿ ಗಿಡ ಮುರಿಯುವ ಸದ್ದು ಹತ್ತಿರವಾಗುತ್ತಿತ್ತು, ಪಟ ಪಟ ಎಂದು, ಅವಸರವಿಲ್ಲದೆ. ಮಗು ನಮ್ಮಿಬ್ಬರ ಮುಖ ನೋಡಿ ಅಳುವುದನ್ನೂ ಮರೆತಿತ್ತು. ರೈಟರು ಎಲ್ಲಿಂದ ಬಂದರೋ, ಕತ್ತಿ ಬೀಸಿ ಸೀರೆಯ ತುಂಡನ್ನು ಮರದ ಕಡೆಯಿಂದ ಕಡಿದರು. ನಾವು ಪಂಪ್‌ಹೌಸಿನ ಹಿಂದೆ ಸೇರಿದ್ದೇ ತಡ, ಸಲಗ ಆ ಮರದಾಚೆಯ ದಾರಿ ಹಿಡಿದು ಹಳ್ಳಕ್ಕೆ ಇಳಿಯಿತು. ನಮ್ಮತ್ತ ತಿರುಗಿಯೂ ನೋಡಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ತಾಯಿ ಮಗುವಿನ ಬೆನ್ನಿಗೆ ಒಂದು ಏಟು ಕೊಟ್ಟು ಆಮೇಲೆ ಅಪ್ಪಿಕೊಂಡು ಕೂತಳು.

ಮಧ್ಯಾಹ್ನವೇ ಬಸ್ಸು ಹಿಡಿದು ದೋಣಿಗಲ್‌ಗೆ ಹೋದೆ. ಹೆದ್ದಾರಿ ಬದಿಯ ಟೀ ಅಂಗಡಿಯ ಮುಂದೆ ಜೀಪು ನಿಂತಿತ್ತು, ಯಾವ ಕೇಡೂ ಇಲ್ಲದೆ. ಜೀಪಿನವರಿಗೆ ಬೆಳಗಿನದನ್ನೆಲ್ಲ ಹೇಳಿದೆ. ಮಗುವಿಗೆ ಪೆಟ್ಟಾಯಿತೇ ಎಂದು ಎರಡು ಸಲ ಕೇಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಬಾಡಿಗೆ ಹೆಚ್ಚು ಮಾಡೋಣ ಎಂದುಬಿಟ್ಟೆ. ಅವರು ಟೀ ಲೋಟ ಕೆಳಗಿಟ್ಟರು. “ಬಾಡಿಗೆ ಸಾಲ್ದು ಅಂತ ನಿಲ್ಸಿದ್ದಲ್ಲ ಮೇಡಂ” ಎಂದಷ್ಟೇ ಹೇಳಿ ಎದ್ದರು. ವಾಪಸ್ ಬರುವ ಬಸ್ಸಿನಲ್ಲಿ ಆ ಮಾತು ನನ್ನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ಆದರೂ ಅದರ ಅರ್ಥ ನನಗೆ ಅರ್ಧವೇ ಆಗಿತ್ತು.

ಆ ಸಂಜೆ ನರ್ಸಮ್ಮನಿಗೆ ಒಂದು ಉದ್ದನೆಯ ಮೇಲ್ ಬರೆದೆ. ಬೋರ್ಡು, ಅದರ ಮೇಲೆ ಬಳಿದ ಬಿಳಿ ಬಣ್ಣ, ಜೀಪು, ಮರಕ್ಕೆ ಕಟ್ಟಿದ ಮಗು, ಎಲ್ಲವನ್ನೂ. ಷರತ್ತು ಮುರಿದವಳು ನಾನು ಎಂದೂ ಬರೆದೆ. ಕೊನೆಗೆ, ಇಲ್ಲಿನ ತಾಯಂದಿರ ಜೊತೆ, ಸಾಧ್ಯವಾದರೆ ಜೀಪಿನವರ ಜೊತೆ, ನೀವೇ ಮಾತಾಡುತ್ತೀರಾ ಎಂದು ಕೇಳಿದೆ. ಅದೇ ಮೇಲ್ ಅನ್ನು ನಿಧಿಯ ಕಚೇರಿಗೂ ಕಳಿಸಬೇಕೋ ಬೇಡವೋ ಎಂದು ಬಹಳ ಹೊತ್ತು ಕೂತೆ. ಕಳಿಸಿದರೆ ಇನ್ನೂ ಬರಬೇಕಿದ್ದ ಎರಡನೆಯ ಕಂತು ನಿಲ್ಲುವುದು ಖಂಡಿತ. ಕಳಿಸದಿದ್ದರೆ ಅವರಿಗೆ ಗೊತ್ತಾಗುವ ಸಂಭವವೂ ಕಡಿಮೆ. ಕಳಿಸಿದೆ.

ಅಧ್ಯಕ್ಷರಿಗೆ ಇದು ಹುಚ್ಚುತನವಾಗಿ ಕಂಡಿತು. “ಕಾನೂನು ಪ್ರಕಾರ ಆ ಯಮ್ಮ ದಾನೀನೇ ಅಲ್ಲ ಅಂತ ನೀನೇ ಹೇಳಿದ್ದೆ ಕಣಮ್ಮ. ಸಂಸ್ಥೆ ಕೊಡ್ತು, ನಾವು ಇಸ್ಕಂಡ್ವಿ. ಕೆದಕಿ ಏನ್ ಮಾಡ್ತೀಯ?” ಎಂದು ಕೇಳಿದರು. ಅವರ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅಷ್ಟು ಸರಿಯಾದ ಮಾತು ನನಗೆ ಯಾಕೆ ಹೇಸಿಗೆ ಹುಟ್ಟಿಸುತ್ತಿದೆ ಎಂದು ನನಗೇ ತಿಳಿಯಲಿಲ್ಲ, ಸುಮ್ಮನೆ ರೇಗಿಬಿಟ್ಟೆ.

ಕಚೇರಿಯ ಉತ್ತರ ನಾಲ್ಕು ಸಾಲು: ವಿಷಯ ಪರಿಶೀಲನೆಯಲ್ಲಿದೆ, ಮುಂದಿನ ಕಂತು ತಡೆಹಿಡಿಯಲಾಗಿದೆ. ಕಂತು ಕೊನೆಗೆ ಬಂತು, ಆದರೆ ಕುಯ್ಲು ಮುಗಿಯುವ ಹೊತ್ತಿಗೆ. ಅಲ್ಲಿಯವರೆಗೆ ಟೀಚರಿಗೂ ಆಯಾಗೂ ಸಂಬಳ ತಡವಾಗಿಯೇ ಆಯಿತು. ನರ್ಸಮ್ಮನ ಉತ್ತರ ಇನ್ನೂ ಚಿಕ್ಕದು. ಮಾತಾಡುತ್ತೇನೆ, ಅವರು ಏನು ಕೇಳಿದರೂ ಹೇಳುತ್ತೇನೆ, ನೀವು ಅನುವಾದ ಮಾಡುತ್ತೀರಲ್ಲವೇ ಎಂದಿದ್ದರು. ತಮ್ಮ ಊರಿನಲ್ಲಿ ಗುಟ್ಟಾಗಿ ಕೊಡುವುದಕ್ಕೆ ಕಾರಣಗಳಿವೆ, ಆದರೆ ಆ ಮಕ್ಕಳ ತಾಯಂದಿರ ಮುಂದೆ ಗುಟ್ಟು ಸಲ್ಲದು ಎಂದೂ ಬರೆದಿದ್ದರು.

ದಿನ ಗೊತ್ತು ಮಾಡುವುದೇ ಒಂದು ಸರ್ಕಸ್ಸು. ಶುಕ್ರವಾರ ಜೀಪಿನವರಿಗೆ ನಮಾಜು, ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ, ನರ್ಸಮ್ಮ ಫೋನ್ ಮುಟ್ಟುವುದಿಲ್ಲ, ಭಾನುವಾರ ಕೆಲಸದವರಿಗೆ ರಜೆ. ಬುಧವಾರ ಸಂಜೆ, ಹಣ್ಣಿನ ತೂಕವಾದ ಮೇಲೆ, ಐದೂವರೆಗೆ ಎಂದಾಯಿತು. ಅಲ್ಲಿ ಬೆಳಿಗ್ಗೆ ಏಳು. ಜೀಪಿನವರನ್ನು ನಾನು ಕರೆಯಲಿಲ್ಲ, ಕರೆಯುವ ಮುಖ ಇರಲಿಲ್ಲ. ಆ ಹುಡುಗಿಯ ತಾಯಿಯೇ ಫೋನ್ ಮಾಡಿ, ಬಂದು ಕೇಳಿಸ್ಕಂಡಾದ್ರೂ ಹೋಗಿ ಎಂದಳಂತೆ.

ಆ ದೂರದ ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಬೋರಲು ಹಾಕಿದ ಡ್ರಮ್ಮಿನ ಮೇಲೆ ಫೋನ್ ಇಟ್ಟು ಸ್ಪೀಕರ್ ಹಾಕಿದೆ. ಅವತ್ತೇ ತಕ್ಕಡಿಯ ತಕರಾರಾಗಿ ತೂಕ ತಡವಾಯಿತು. ನರ್ಸಮ್ಮ ಆ ಕಡೆ ಇಪ್ಪತ್ತು ನಿಮಿಷ ಕಾದರು. ಹೆಂಗಸರು ಕೈ ಒರೆಸಿಕೊಳ್ಳುತ್ತ ಬಂದು ಚೀಲಗಳ ಮೇಲೆ ಕೂತರು. ರೈಟರು, ಅಧ್ಯಕ್ಷರು ಒಂದು ಪಕ್ಕ. ಜೀಪಿನವರು ಕಣದ ಅಂಚಿನಲ್ಲೇ ನಿಂತರು, ಕೈಯಲ್ಲಿ ಕೀ.

ಮೊದಲ ಪ್ರಶ್ನೆ ಆ ತಾಯಿಯದು. ದುಡ್ಡು ಕೊಟ್ಟರೆ ನಿಮಗೇನು ಸಿಗುತ್ತದೆ ಎಂದು ನೇರ ಕೇಳಿದಳು. ನರ್ಸಮ್ಮ ನಕ್ಕು, ತೆರಿಗೆಯಲ್ಲಿ ಸ್ವಲ್ಪ ಬಿಡುತ್ತಾರೆ, ಅದು ಸುಳ್ಳಲ್ಲ ಎಂದರು. ಆಮೇಲೆ ತಮ್ಮ ಅಜ್ಜಿಯ ಮಾತು ಹೇಳಿದರು. ಬೇರೆ ದೇಶದಿಂದ ಓಡಿಬಂದ ಆಕೆ ಹೊಲಿಗೆ ಕಾರ್ಖಾನೆಯಲ್ಲಿ ಕೂಲಿಗೆ ಸೇರಿ, ಹಸುಗೂಸನ್ನು ಮೆಷಿನ್ನಿನ ಕೆಳಗೆ ಚಿಂದಿಬಟ್ಟೆಯ ಪೆಟ್ಟಿಗೆಯಲ್ಲಿ ಮಲಗಿಸಿ ದುಡಿಯುತ್ತಿದ್ದಳಂತೆ. ಆ ಕೂಸು ತಮ್ಮ ತಾಯಿ ಎಂದರು. ನಾನು ಅದನ್ನು ಕನ್ನಡಕ್ಕೆ ಹೇಳಿದಾಗ ಹೆಂಗಸರಲ್ಲಿ ಯಾರೋ ಅಯ್ಯೋ ಎಂದರು. ಕಣದ ತುಂಬ ಒಂದು ಸಡಿಲಿಕೆ ಬಂತು. ಇಲ್ಲಿಗೆ ಮುಗಿಸಿಬಿಡೋಣ ಎಂದು ಅಧ್ಯಕ್ಷರು ಕಣ್ಣಿನಲ್ಲೇ ಸನ್ನೆ ಮಾಡಿದರು.

ಆಗ ಜೀಪಿನವರು ಬಾಯಿ ಬಿಟ್ಟರು. “ಗಾಜಾದಲ್ಲಿ ಮಕ್ಳು ಸಾಯ್ತಾವೆ. ಇವ್ರ ದುಡ್ಡು ಅಲ್ಲಿಗೂ ಹೋಯ್ತದಾ ಅಂತ ಕೇಳಿ ಮೇಡಂ.”

ಕೇಳಿದೆ. ನರ್ಸಮ್ಮ, ಈ ನಿಧಿಯಿಂದ ಅಲ್ಲಿನ ಆಸ್ಪತ್ರೆಗಳಿಗೆ ಔಷಧಿಗೆಂದು ಹೋಗಿದೆ, ಯುದ್ಧ ನಿಲ್ಲಿಸಿ ಎಂದು ಹೋರಾಡುವವರಿಗೆ ಹೋಗಿದೆ, ಮದ್ದುಗುಂಡಿಗೆ ಒಂದು ಕಾಸೂ ಹೋಗಿಲ್ಲ ಎಂದರು. ನಾನು ಅದನ್ನು ಗೆದ್ದವಳ ಹಾಗೆ ಜೋರಾಗಿ ಹೇಳಿದೆ. ರೈಟರು ತಲೆದೂಗಿದರು. ಆದರೆ ನರ್ಸಮ್ಮ ಮುಗಿಸಿರಲಿಲ್ಲ.

ಆದರೆ ನಾನು ತೆರಿಗೆ ಕಟ್ಟುತ್ತೇನೆ, ಎಂದರು. ಆ ತೆರಿಗೆಯಿಂದ ನನ್ನ ಸರ್ಕಾರ ಬಾಂಬು ಕಳಿಸುತ್ತದೆ. ಹಾಗಾಗಿ ನನ್ನ ದುಡ್ಡು ಅಲ್ಲಿಗೆ ಹೋಗುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೊಂದು ಮಾತು. ನನ್ನ ತಂಗಿಯ ಮಗ ಗಾಜಾಕ್ಕೆ ನುಗ್ಗಿರುವ ಆ ಸೈನ್ಯದಲ್ಲೇ ಇದ್ದಾನೆ. ಅವನು ಮಾಡುತ್ತಿರುವುದು ತಪ್ಪು ಎಂದು ಅವನಿಗೇ ಹೇಳಿದ್ದೇನೆ, ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದರೂ ಅವನು ನಾನು ಎತ್ತಿ ಆಡಿಸಿದ ಮಗು, ಅವನು ಬದುಕಿರಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ.

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಈ ಮಾತುಗಳು ಇನ್ನೂ ಇಂಗ್ಲಿಷಿನಲ್ಲೇ ಇದ್ದವು, ನನ್ನೊಬ್ಬಳ ಬಳಿ. ತೆರಿಗೆಯದು ಹೇಳಿ ಸೈನ್ಯದ್ದನ್ನು ಬಿಡಬಹುದು. ನೆಟ್‌ವರ್ಕ್ ಹೋಯಿತು ಎನ್ನಬಹುದು. ಒಬ್ಬ ಹೆಂಗಸಿನ ತಂಗಿಯ ಮಗನಿಗೂ ಹಾನುಬಾಳಿನ ಹದಿನಾರು ಮಕ್ಕಳಿಗೂ ಏನು ಸಂಬಂಧ? ಆ ಮಾತು ಬಿಟ್ಟರೆ ಜೀಪು ನಾಳೆಯೇ ಬರಬಹುದು, ಮಕ್ಕಳು ಮರದಿಂದ ಬಿಡುಗಡೆಯಾಗಬಹುದು. ಹೇಳಿದರೆ ಮುಗಿಯಿತು. ಆ ಹೆಂಗಸು ಬೆಳಿಗ್ಗೆ ಏಳಕ್ಕೆ ಎದ್ದು ಕೂತು, ಯಾರೂ ಕೇಳದಿದ್ದುದನ್ನೂ ಗುರುತಿಲ್ಲದ ಜನರ ಮುಂದೆ ಹೇಳಿಕೊಂಡಿದ್ದಳು. ಅದನ್ನು ನಡುದಾರಿಯಲ್ಲಿ ಕದಿಯಲು ನನ್ನಿಂದಾಗಲಿಲ್ಲ.

ಅವರು ಹೇಳಿದ ಕ್ರಮದಲ್ಲೇ ಎಲ್ಲವನ್ನೂ ಹೇಳಿದೆ. ತೆರಿಗೆ, ಬಾಂಬು, ತಂಗಿಯ ಮಗ, ಅವನು ಬದುಕಿರಲಿ ಎಂಬ ಬೇಡಿಕೆ.

ಜೀಪಿನವರು ನೆಲ ನೋಡುತ್ತ ನಿಂತಿದ್ದರು. ಆಮೇಲೆ ತಿರುಗಿ ನಡೆದರು. ಕಣದ ಆಚೆ ಜೀಪು ಸ್ಟಾರ್ಟ್ ಆಗಿ, ಇಳಿಜಾರಿನಲ್ಲಿ ಅದರ ಸದ್ದು ಕರಗುವವರೆಗೂ ನಾವೆಲ್ಲ ಕೇಳಿಸಿಕೊಂಡೆವು. ಅಧ್ಯಕ್ಷರು ಹಣೆ ಚಚ್ಚಿಕೊಂಡರು. “ಅಷ್ಟೂ ಹೇಳ್ಬೇಕಿತ್ತಾ ನೀನು?” ಎಂದರು ಮೆಲ್ಲಗೆ.

ಅವರು ಹೋದರೇ ಎಂದು ನರ್ಸಮ್ಮ ಕೇಳಿದರು. ಹೌದು ಎಂದೆ. ಅವರದೇನೂ ತಪ್ಪಿಲ್ಲ ಎಂದರು. ಹೆಂಗಸರಿಗೆ ನನ್ನ ದುಡ್ಡು ಬೇಡವೆನಿಸಿದರೆ ಸಂಕೋಚವಿಲ್ಲದೆ ಹೇಳಲಿ, ನಿಧಿಯ ಕಚೇರಿಗೆ ನಾನೇ ತಿಳಿಸುತ್ತೇನೆ, ಅದು ಅವರ ತೀರ್ಮಾನ ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹುಡುಗಿಯ ತಾಯಿ ಹೆಚ್ಚು ಯೋಚಿಸಲಿಲ್ಲ. “ಬೇಕು ಅಂತ ಹೇಳಕ್ಕ. ಗಾಡಿ ಇಲ್ದಿದ್ರೂ ಸರಿ, ದಿನಾ ಇಬ್ರು ಕುಯ್ಲು ಬಿಟ್ಟು ಮಕ್ಳುನ್ನ ನಡೆಸ್ಕಂಡು ಹೋಯ್ತೀವಿ. ನಾನು ಇನ್ನೊಂದ್ಸಲ ಮಗಾನ ಕಟ್ಟಾಕಾಕಿಲ್ಲ” ಎಂದಳು.

ಮರುದಿನದಿಂದ ಹಾಗೇ ನಡೆಯಿತು. ದಿನವೂ ಇಬ್ಬರು ತಾಯಂದಿರು ಕೂಲಿ ಕಳೆದುಕೊಂಡು, ರೈಟರು ಮುಂದೆ ಆನೆ ಬೆದರಿಸುವ ಪಟಾಕಿ ಹಿಡಿದುಕೊಂಡು, ಹದಿನಾರು ಮಕ್ಕಳನ್ನು ಹಳ್ಳ ದಾಟಿಸಿ ತಂದರು. ನಾನು ಮಕ್ಕಳ ಮನೆಯ ಬಾಗಿಲಲ್ಲಿ ನಿಂತು ಅವರು ತಿರುವಿನಲ್ಲಿ ಕಾಣುವವರೆಗೂ ಕಾದು, ತಲೆ ಎಣಿಸಿಕೊಳ್ಳುತ್ತಿದ್ದೆ. ಬೆಳಿಗ್ಗೆ ಮಂಜಿನಲ್ಲಿ ಹತ್ತು ಮಾರು ದೂರದ್ದು ಕಾಣುವುದಿಲ್ಲ. ಎರಡನೆಯ ದಿನ ಹಳ್ಳದ ಹತ್ತಿರ ಆನೆಯ ಹಸಿ ಲದ್ದಿ ಇತ್ತು. ಇದನ್ನು ಕುಯ್ಲು ಮುಗಿಯುವವರೆಗೆ ಎಳೆಯಲಾಗದು ಎಂದು ನಮಗೆಲ್ಲ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತಿದ್ದಾಗ ಏರಿನ ಕಡೆಯಿಂದ ಇಂಜಿನ್ ಸದ್ದು ಬಂತು. ಆ ಏರಿನಲ್ಲಿ ಅಷ್ಟು ನಿಧಾನವಾಗಿ, ಒಂದೇ ಗೇರಿನಲ್ಲಿ ಹತ್ತಿಸುವವರು ಒಬ್ಬರೇ. ಜೀಪು ಬಂದು ನಿಂತಿತು, ಹಿಂದೆ ಹದಿನೈದು ಮಕ್ಕಳು, ಮುಂದೆ ಗೇರಿನ ಪಕ್ಕ ಆ ಹುಡುಗಿ. ನನಗೆ ಅಳು ಬಂದುಬಿಟ್ಟಿತು, ತಡೆದುಕೊಳ್ಳಲೂ ಹೋಗಲಿಲ್ಲ.

ನೀವು ಬರುವುದಿಲ್ಲ ಎಂದುಕೊಂಡಿದ್ದೆ, ಆ ಮಾತು ಕೇಳಿದ ಮೇಲಂತೂ, ಎಂದೆ.

ಅವರು ಕೆಳಗಿಳಿದು ಹಿಂದಿನ ಬಾಗಿಲ ಚಿಲಕ ತೆಗೆದರು. “ಹೋಂಸ್ಟೇಗೆ ಬರೋರ್ನ ಹತ್ತು ವರ್ಷ ಕರ್ಕಂಡು ತಿರುಗಿದೀನಿ ಮೇಡಂ, ಇಂಗ್ಲಿಷು ಒಂದಷ್ಟು ತಿಳೀತದೆ. ಆ ಯಮ್ಮ ತಂಗಿ ಮಗಂದು ಹೇಳ್ದಾಗ್ಲೇ ನಂಗೆ ಗೊತ್ತಾತು. ನೀವು ಅದ್ನ ಬಿಟ್ಬುಡ್ತೀರಾ ಅಂತ ನೋಡ್ತಾ ನಿಂತಿದ್ದೆ. ನೀವು ಬಿಡ್ಲಿಲ್ಲ, ಆದ್ರೆ ಆ ಮಾತು ಅರಗಿಸ್ಕಳಕ್ಕೆ ನಂಗೆ ಎರಡು ದಿನ ಬೇಕಾತು.”

ಮಸೀದಿಯವರು ಏನೂ ಅನ್ನಲಿಲ್ಲವೇ ಎಂದು ಕೇಳಿದೆ.

“ಅಂದ್ರು. ಇನ್ನೂ ಅಂತಾವ್ರೆ. ಅವ್ರು ಅಂದಿದ್ದಕ್ಕೆ ನಾನು ಬಿಟ್ಟಿದ್ದಲ್ಲ.” ಒಂದು ಮಗುವನ್ನು ಕಂಕುಳಿಗೆ ಕೈ ಹಾಕಿ ಇಳಿಸಿದರು. “ಅವತ್ತು ಕೇಳ್ದೆ, ದುಡ್ಡು ಯಾರ್ದು ಅಂತ. ನಿಮಗೆ ಗೊತ್ತಿತ್ತು. ಹೇಳಿದ್ರೆ ಜೀಪ್ ನಿಲ್ತಿರ್ಲಿಲ್ಲ.”

ಆ ಸಂಜೆ ನಾನು ಹೇಳಿದ್ದು ಸುಳ್ಳಲ್ಲ, ಫಾರಮ್ಮಿನಲ್ಲಿ ಇದ್ದದ್ದೇ. ಮರಕ್ಕೆ ಆ ಮಗುವನ್ನು ಕಟ್ಟಿಸಿದ್ದು ಊರಿನ ಬಾಯಿಯಲ್ಲ, ಮಸೀದಿಯಲ್ಲ, ಆ ಒಂದು ಉತ್ತರ. ತಪ್ಪಾಯಿತು ಭಾಯ್ ಎಂದೆ. ಅವರು ಮುಂದಿನ ಸೀಟಿನ ಕಡೆ ಕೈ ತೋರಿಸಿ, ಇಳಿಸ್ಕಳಿ, ಹತ್ತಿರದ ಲೈನ್‌ನೋರು ಕಾಯ್ತಾವ್ರೆ ಎಂದರು. ನಾನು ಹುಡುಗಿಯನ್ನು ಎತ್ತಿ ಇಳಿಸಿಕೊಂಡೆ. ಅವಳ ಸೊಂಟದಲ್ಲಿ ರೈಟರು ಅವತ್ತು ಕಡಿದ ಸೀರೆಯ ತುಂಡಿನ ಗಂಟು, ಯಾರಿಂದಲೂ ಬಿಚ್ಚಲಾಗದೆ, ಇನ್ನೂ ಹಾಗೇ ಇತ್ತು. ಒಳಗೆ ಹೋಗಿ ಟೀಚರ ಕತ್ತರಿ ಇಸಿದುಕೊಂಡು ಅದನ್ನು ನಾನೇ ಕತ್ತರಿಸಿದೆ.